ಚಿನ್ನದ ಗಣಿ ಊರಿನ ಹಳೇ ಶಾಲೆಗಳು

ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಸಂಘದ ಇತಿಹಾಸವನ್ನು ಕಾರ್ಯದರ್ಶಿಗಳು ಬರೆದಿದ್ದಾರೆ. ನಮ್ಮ ಪಾಲಿಗೆ ಬಂದಿದ್ದು ಸುತ್ತಮುತ್ತಲಿನ ಚರಿತ್ರೆ. ನಮ್ಮ ಸೀಮೆಯಲ್ಲಿ ಚರಿತ್ರೆ ಅಂದ ಕೂಡಲೇ ಬಾಯಿಗೆ ಬರೋದು ಕೆ.ಜಿ.ಎಫ್. ನಮ್ಮ ಹಿರಿಯರು ಹಾಲು, ಸೊಪ್ಪು, ಸೌದೆ ಗಾಡಿ ಹೊಡೆದುಕೊಂಡು ಹೋಗುತ್ತಿದ್ದುದು ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆಗೇ ತಾನೆ. ಗಣಿಯಲ್ಲಿ ಎಷ್ಟು ಚಿನ್ನ ಸಿಕ್ಕಿತು, ಎಷ್ಟು ಆಳ ತೋಡಿದರು ಎಂಬುದನ್ನು ಬರೆದವರು ಬಹಳ ಜನ ಇದ್ದಾರೆ. ಆ ಊರಿನ ಶಾಲೆಗಳ ಸುದ್ದಿ ಎತ್ತಿದವರು ಕಡಿಮೆ. ಕಳೆದ ಬೇಸಿಗೆಯಲ್ಲಿ ನಾವು ನಿರ್ದೇಶಕರು ಮೂವರು ಎರಡು ಭಾನುವಾರ ಅಲ್ಲಿ ಓಡಾಡಿ ಬಂದೆವು. ನೋಡಿದ್ದನ್ನೂ ಓದಿ ತಿಳಿದಿದ್ದನ್ನೂ ಇಲ್ಲಿ ಬರೆದಿದ್ದೇವೆ.

1802ರಲ್ಲಿ ಮೈಸೂರು ಸೀಮೆಯ ಗಡಿ ಅಳೆಯಲು ಬಂದ ಜಾನ್ ವಾರೆನ್ ಎಂಬ ಬ್ರಿಟಿಷ್ ಅಧಿಕಾರಿಗೆ ಉರಿಗಾಂ, ಮಾರಿಕುಪ್ಪಂ ಕಡೆಯ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಕಣ ತೋರಿಸಿದರು. ಚಿನ್ನ ಕಂಡುಹಿಡಿದವರು ದೊರೆಗಳು ಅಂತ ಪುಸ್ತಕದಲ್ಲಿ ಬರೆದಿರುತ್ತಾರೆ, ತೋರಿಸಿಕೊಟ್ಟವರು ನಮ್ಮಂಥ ಹಳ್ಳಿಯವರೇ. ಆ ವರದಿ ಓದಿಕೊಂಡು ಲವೇಲ್ ಎಂಬ ನಿವೃತ್ತ ಸಿಪಾಯಿ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಗಣಿ ಹಕ್ಕು ಪಡೆದ. ಬೆಂಗಳೂರಿನ ಲವೇಲ್ ರಸ್ತೆ ಅವನ ಹೆಸರಿನದೇ. 1880ರ ಸುಮಾರಿಗೆ ಜಾನ್ ಟೇಲರ್ ಕಂಪನಿ ಬಂತು. ಇಂಗ್ಲೆಂಡಿನಲ್ಲಿ ಕೂತು ಷೇರು ಕೊಂಡವರಿಗೆ ಚಿನ್ನದ ಹುಚ್ಚು ಹತ್ತಿದ್ದು ಆವಾಗಲೇ. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಬೆಂಗಳೂರಿಗೆ ಕರೆಂಟು ಬಂದದ್ದು ಅದಾದ ಮೂರು ವರ್ಷಕ್ಕೆ.

ಶಾಲೆ ಬಂದದ್ದು ಯಾವಾಗ? ಟೇಲರ್ ಕಂಪನಿಯವರು ನಂದಿದುರ್ಗ ಗಣಿಯ ಹತ್ತಿರ ಇಂಗ್ಲಿಷ್ ಪ್ರಾಥಮಿಕ ಶಾಲೆ ತೆಗೆದದ್ದು 1901ರಲ್ಲಿ. ಕಂಪನಿ ಕಾಲಿಟ್ಟು ಇಪ್ಪತ್ತು ವರ್ಷ ಆಗಿತ್ತು. ಅದು ದೊರೆಗಳ ಮಕ್ಕಳಿಗೆ ಕಟ್ಟಿದ ಶಾಲೆ. ಮುಂದೆ ಅದೇ ಕೆ.ಜಿ.ಎಫ್. ಬಾಯ್ಸ್ ಸ್ಕೂಲ್ ಎಂದು ಬೆಳೆಯಿತು, ಅಲ್ಲಿನ ಹುಡುಗರು ಕೇಂಬ್ರಿಡ್ಜ್ ಪರೀಕ್ಷೆಗೆ ಕೂರುತ್ತಿದ್ದರು. 1904ರಲ್ಲಿ ಕ್ರೈಸ್ತ ಸನ್ಯಾಸಿನಿಯರು 22 ಮಂದಿ ಯೂರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಸೇಂಟ್ ಜೋಸೆಫ್ಸ್ ಕಾನ್ವೆಂಟ್ ಶುರು ಮಾಡಿದರು.

ಸುರಂಗಕ್ಕೆ ಇಳಿಯುತ್ತಿದ್ದವರು ಬೇರೆ ಜನ. ಉತ್ತರ ಆರ್ಕಾಟು, ಸೇಲಂ ಕಡೆಯಿಂದ ಬಂದ ಬಡವರು. ಅವರಲ್ಲಿ ಹೆಚ್ಚಿನವರು ಜಾತಿಯ ಕಾಟಕ್ಕೆ ಬೇಸತ್ತು, ಜಮೀನ್ದಾರರ ಹೊಲದ ಜೀತ ಬಿಟ್ಟು ಕೂಲಿಗೆ ಬಂದವರು. ಅವರಿಗೆ ಲೈನ್‌ಗಳಲ್ಲಿ ಬಿದಿರು ತಟ್ಟಿಯ ಗುಡಿಸಲು. ಕಾಲು ಚಾಚಿದರೆ ಗೋಡೆಗೆ ತಾಗುವಂಥ ಮನೆ. ಅವರ ಮಕ್ಕಳಿಗೆ ಶಾಲೆ ನಿಧಾನವಾಗಿ, ಚೂರುಪಾರಾಗಿ ಬಂತು. ಮಿಷನ್‌ನವರು, ಸರ್ಕಾರದವರು, ಆಮೇಲೆ ಕಾರ್ಮಿಕರೇ ಸೇರಿ ನಡೆಸಿದ ಸಂಘಗಳವರು, ಹೀಗೆ ಒಬ್ಬೊಬ್ಬರು ಒಂದೊಂದು. 1907ರಲ್ಲೇ ಮಾರಿಕುಪ್ಪಂನಲ್ಲಿ ಕಾರ್ಮಿಕರ ಬೌದ್ಧ ಸಂಘವಿತ್ತು. ಹಗಲೆಲ್ಲ ಬಂಡೆ ಒಡೆದವರು ರಾತ್ರಿ ಕೂತು ಓದಿಸಿ ಕೇಳುತ್ತಿದ್ದರು ಅಂದರೆ ಸಾಮಾನ್ಯ ಮಾತಲ್ಲ. ಕನ್ನಡ, ತಮಿಳು, ತೆಲುಗು, ಉರ್ದು ಅಂತ ನಾಲ್ಕು ಭಾಷೆಯ ಶಾಲೆಗಳು ಆ ಪುಟ್ಟ ಊರಲ್ಲಿ ನಡೆದವು.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು. 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಅಷ್ಟರಲ್ಲಿ ಸುಮಾರು 800 ಟನ್ ಚಿನ್ನ ಹೊರಗೆ ಹೋಗಿತ್ತು.

ನಾವು ಹೋದಾಗ ಸಯನೈಡ್ ದಿಬ್ಬದ ಕಡೆಯಿಂದ ಬಿಳೀ ಧೂಳು ಏಳುತ್ತಿತ್ತು. ಚಾಂಪಿಯನ್ ರೀಫ್ಸ್ ಕಡೆ ಒಂದು ಲೈನಿನ ಕೊನೆಯಲ್ಲಿ ಹಂಚು ಬಿದ್ದ ಉದ್ದನೆಯ ಕಟ್ಟಡ ಕಂಡಿತು. ಒಳಗೆ ಗೋಡೆಗೇ ಗಾರೆ ಮಾಡಿ ಕಪ್ಪು ಬಳಿದ ಬೋರ್ಡು, ಅದರ ಮೇಲೆ ಬೇರು ಇಳಿದಿತ್ತು. ಬಾಗಿಲು ಕಿಟಕಿಯ ಮರವನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರೆ. ಹತ್ತಿರದ ಮನೆಯ ಅಜ್ಜಿಯೊಬ್ಬರು, "ನಾನೂ ಇಲ್ಲೇ ಮೂರನೇ ಕ್ಲಾಸ್ ತನಕ ಓದಿದ್ದು ಸ್ವಾಮಿ, ಒಳಗೆ ಬಂಡೆ ಸಿಡಿದರೆ ಸ್ಲೇಟು ಅಲ್ಲಾಡೋದು" ಅಂದರು. ಸುರಂಗದಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳು ನಡುಗುತ್ತಿದ್ದುದು ನಮ್ಮ ಹಿರಿಯರಿಗೂ ಗೊತ್ತು. ಅಂಥ ಹೊತ್ತಲ್ಲಿ ಮಕ್ಕಳಿಗೆ ಪಾಠ ಹತ್ತುತ್ತಿರಲಿಲ್ಲವಂತೆ. ಅಪ್ಪ ಯಾವ ಪಾಳಿಯಲ್ಲಿ ಇಳಿದಿದ್ದಾನೆ ಅನ್ನೋದೇ ಯೋಚನೆ.

ಇಂಥ ಕಟ್ಟಡಗಳು ಹಾಳಾಗೋದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಜಾಗ ಕಂಪನಿಯದು. ನಮ್ಮೂರ ಶಾಲೆ ಸೋರಿದರೆ ಹತ್ತು ಜನ ಏಣಿ ತರುತ್ತಾರೆ, ಯಾಕೆಂದರೆ ಅದು ನಮ್ಮದು. ಕಂಪನಿ ಜಾಗದ ಶಾಲೆಗೆ ಕಂಪನಿ ಹೋದ ಮೇಲೆ ದಿಕ್ಕಿಲ್ಲ.

ಬೇರೆ ದೇಶದ ಚಿನ್ನದ ಊರುಗಳಲ್ಲೂ ಇದೇ ಕಥೆ, ಆದರೆ ಒಂದೆರಡು ಕಡೆ ಜನ ಬಿಟ್ಟುಕೊಟ್ಟಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೋಡಿ ಎಂಬ ಊರಿದೆ. ಅಲ್ಲಿನ ಶಾಲೆ 1942ರಲ್ಲಿ ಮುಚ್ಚಿತು. ಮಕ್ಕಳ ಡೆಸ್ಕುಗಳನ್ನು ಒಳಗೆ ಹಾಗೇ ಉಳಿಸಿ, 1962ರಿಂದ ಊರನ್ನೇ ಸರ್ಕಾರ ಕಾಪಾಡುತ್ತಿದೆ. ಅದೇ ಸೀಮೆಯ ಕೊಲಂಬಿಯಾ ಎಂಬ ಊರಲ್ಲಿ 1860ರಲ್ಲಿ ಕಟ್ಟಿದ ಎರಡು ಅಂತಸ್ತಿನ ಇಟ್ಟಿಗೆ ಶಾಲೆ 1937ರ ತನಕ ನಡೆಯಿತು. ಮುಂದೆ ಅದನ್ನು ರಿಪೇರಿ ಮಾಡಿಸಲು ಶಾಲಾ ಮಕ್ಕಳೂ ಶಿಕ್ಷಕರೂ ಚಿಲ್ಲರೆ ಕೂಡಿಸಿ ಹಣ ಕೊಟ್ಟರು. ಥೇಟ್ ನಮ್ಮ ಷೇರು ಹಣದ ಹಾಗೆ.

ಗೋಡೆ ಬಿದ್ದದ್ದಕ್ಕಿಂತ ನಮಗೆ ಚಿಂತೆ ಹತ್ತಿದ್ದು ದಾಖಲಾತಿ ರಿಜಿಸ್ಟರುಗಳದ್ದು. ಹುಟ್ಟಿದ ತಾರೀಖು, ಜಾತಿ, ತಂದೆ ಹೆಸರು ಎಲ್ಲಾ ಅದರಲ್ಲೇ ಇರೋದು. ಶಾಲೆ ಮುಚ್ಚಿದಾಗ ಆ ಪುಸ್ತಕ ಬೇರೆ ಕಡೆಗೆ ಹೋಗಬೇಕು, ಹೋಯಿತೋ ಗೆದ್ದಲು ತಿಂದಿತೋ ಕೇಳುವವರಿಲ್ಲ. ನಮ್ಮ ಸಂಘದ ಸದಸ್ಯರಲ್ಲೇ ಗಣಿ ಬಿಟ್ಟು ಬಂದು ಎರಡು ಹಸು ಕಟ್ಟಿಕೊಂಡ ಮನೆಗಳಿವೆ. ಅಂಥ ಒಬ್ಬ ಹಿರಿಯರ ಜೊತೆ ವಯಸ್ಸಿನ ದಾಖಲೆಗೆ ಅಂತ ನಾವೇ ಒಂದು ಕಚೇರಿಗೆ ನಾಲ್ಕು ಸಲ ಅಲೆದಿದ್ದೇವೆ. "ಶಾಲೆಯಿಂದ ಬರೆಸಿಕೊಂಡು ಬನ್ನಿ" ಅಂದರು. ಶಾಲೆ ಎಲ್ಲಿದೆ? ಮುಖದ ಸುಕ್ಕು ನೋಡಿ ವಯಸ್ಸು ಬರೆಯುವ ಕಾಲ ಹೋಯಿತು.

ಆದ್ದರಿಂದ ಒಂದು ವಿನಂತಿ. ಗಣಿ ಶಾಲೆಗಳಲ್ಲಿ ಓದಿದವರ ಟಿ.ಸಿ., ಮಾರ್ಕ್ಸ್ ಕಾರ್ಡು, ಗುಂಪು ಫೋಟೋ ಯಾರ ಪೆಟ್ಟಿಗೆಯಲ್ಲಿದ್ದರೂ ಸಂಘದ ಕಚೇರಿಗೆ ತನ್ನಿ. ಬೆಳಗಿನ ಹಾಲು ಅಳತೆ ಮುಗಿದ ಮೇಲೆ ನಾವಾಗಲಿ ಕಾರ್ಯದರ್ಶಿಗಳಾಗಲಿ ಅಲ್ಲಿರುತ್ತೇವೆ. ಜೆರಾಕ್ಸ್ ಮಾಡಿಸಿ ಅಸಲು ಪ್ರತಿಯನ್ನು ಅವತ್ತೇ ನಿಮ್ಮ ಕೈಗೆ ಕೊಡುತ್ತೇವೆ. ಖರ್ಚು ನಿರ್ದೇಶಕರದ್ದು, ಸಂಘದ ಲೆಕ್ಕಕ್ಕೆ ಹಾಕುವುದಿಲ್ಲ.