ಎಚ್‌ಐವಿ ಸೋಂಕಿತರಲ್ಲಿ ಶ್ವಾಸಕೋಶದ ಕ್ಯಾನ್ಸರ್: ಗೋರೆಗಾಂವ್‌ನ ನೆಲೆಯಿಂದ ಕೆಲವು ವಿಚಾರಗಳು

ಮುಂಬಯಿಯ ಗೋರೆಗಾಂವ್‌ನಿಂದ ಹಾರ್ಬರ್ ಮಾರ್ಗದ ಲೋಕಲ್ ಹತ್ತಿದರೆ ಶಿವಡಿ ಸಿಗುತ್ತದೆ. ಅಲ್ಲಿರುವುದು ನಗರಪಾಲಿಕೆಯ ಕ್ಷಯರೋಗ ಆಸ್ಪತ್ರೆ. ಪಶ್ಚಿಮ ಮಾರ್ಗದಲ್ಲಿ ಪ್ರಭಾದೇವಿಯಲ್ಲಿ ಇಳಿದು ಸೇತುವೆ ದಾಟಿದರೆ ಪರೇಲ್, ಟಾಟಾ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ. ಎಚ್‌ಐವಿ ಇರುವವರಿಗೆ ಕೆಮ್ಮು ಹತ್ತಿದರೆ ಎಲ್ಲರ ಮನಸ್ಸೂ ಮೊದಲು ಹೋಗುವುದು ಶಿವಡಿಯ ಕಡೆಗೆ. ಅದು ಸಹಜ, ಸರಿಯೂ ಹೌದು. ಆದರೆ ಪರೇಲಿನ ದಾರಿ ನೆನಪಾಗುವಷ್ಟರಲ್ಲಿ ತಡವಾಗಬಾರದೆಂಬುದು ಈ ಲೇಖನದ ವಾದ.

2004ರ ಏಪ್ರಿಲ್ 1ರಂದು ಉಚಿತ ಎಆರ್‌ಟಿ (ಎಚ್‌ಐವಿ ವೈರಸ್ಸನ್ನು ಹತ್ತಿಕ್ಕುವ ಔಷಧ) ಚಿಕಿತ್ಸೆ ಆರಂಭವಾದಾಗ ಮೊದಲ ಕೇಂದ್ರಗಳಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯೂ ಇತ್ತು. ಅಂದು ಮಾತ್ರೆ ಹಿಡಿದ ಅನೇಕರು ಈಗ ಐವತ್ತು ದಾಟಿದ್ದಾರೆ. ಏಡ್ಸ್ ಸೂಚಕವೆಂದು ಗುರುತಿಸಿದ ಕ್ಯಾನ್ಸರ್‌ಗಳು ಕಪೋಸಿ ಸಾರ್ಕೋಮಾ, ನಾನ್-ಹಾಜ್ಕಿನ್ ಲಿಂಫೋಮಾ ಮತ್ತು ಗರ್ಭಕಂಠದ ಕ್ಯಾನ್ಸರ್. ಶ್ವಾಸಕೋಶದ ಕ್ಯಾನ್ಸರ್ ಆ ಪಟ್ಟಿಯಲ್ಲಿಲ್ಲ. ಕಣ್ತಪ್ಪಲು ಅದೂ ಒಂದು ಕಾರಣ. ಬೀಡಿ, ಸಿಗರೇಟುಗಳ ಪಾಲನ್ನು ಲೆಕ್ಕಕ್ಕೆ ಹಿಡಿದ ಮೇಲೂ ಎಚ್‌ಐವಿ ಇರುವವರಲ್ಲಿ ಅಪಾಯ ಹೆಚ್ಚೇ ಉಳಿಯುತ್ತದೆಂದು ವಿದೇಶಿ ಅಧ್ಯಯನಗಳು ತೋರಿಸಿವೆ. ಕುಗ್ಗಿದ ರೋಗನಿರೋಧಕ ಶಕ್ತಿ, ಮರುಕಳಿಸುವ ನ್ಯುಮೋನಿಯಾ, ಆರದ ಉರಿಯೂತ ಇದಕ್ಕೆ ಕಾರಣವಿರಬಹುದು.

ತೊಡಕು ಶುರುವಾಗುವುದು ಎಕ್ಸ್-ರೇಯಲ್ಲಿ. ಎಚ್‌ಐವಿ ಇರುವವರಿಗೆ ಕ್ಷಯ ತಗಲಿದರೂ ಕಫದಲ್ಲಿ ರೋಗಾಣು ಕಾಣದಿರಬಹುದು, ನೆರಳು ವಿಚಿತ್ರವಾಗಿರಬಹುದು. ಹಾಗಾಗಿ ವೈದ್ಯರು ಅಂದಾಜಿನ ಮೇಲೆ ಕ್ಷಯದ ಔಷಧ ಕೊಡುತ್ತಾರೆ. ನನ್ನ ಆಕ್ಷೇಪ ಅದಕ್ಕಲ್ಲ. ವಾರಗಳು ಕಳೆದರೂ ತೂಕ ಏರದೆ, ನೆರಳು ಕರಗದೆ ಇದ್ದಾಗಲೂ ಅದೇ ಔಷಧವನ್ನು ಮುಂದುವರಿಸುವುದಕ್ಕೆ. ಕಳೆದುಹೋಗುವುದು ಸಮಯವೊಂದೇ ಅಲ್ಲ. ಕ್ಷಯದ ಔಷಧ ರಿಫಾಂಪಿಸಿನ್ ರಕ್ತದಲ್ಲಿ ಎಚ್‌ಐವಿ ಔಷಧ ಡೊಲುಟೆಗ್ರಾವಿರ್ ಪ್ರಮಾಣವನ್ನು ಇಳಿಸುವುದರಿಂದ ಡೊಲುಟೆಗ್ರಾವಿರ್ ಅನ್ನು ದಿನಕ್ಕೆ ಎರಡು ಸಲ ಕೊಡಬೇಕಾಗುತ್ತದೆ. ಎರ್ಲೋಟಿನಿಬ್‌ನಂಥ ಕ್ಯಾನ್ಸರ್ ಮಾತ್ರೆಯ ಬಲವನ್ನೂ ರಿಫಾಂಪಿಸಿನ್ ಕುಂದಿಸುತ್ತದೆ. ಎಚ್‌ಐವಿ ಔಷಧ ರಿಟೋನಾವಿರ್ ಇದಕ್ಕೆ ವಿರುದ್ಧ: ಕ್ಯಾನ್ಸರ್ ಔಷಧ ಡೊಸಿಟ್ಯಾಕ್ಸೆಲ್‌ನ ವಿಷಪರಿಣಾಮವನ್ನು ಹೆಚ್ಚಿಸುತ್ತದೆ. ಆದ್ದರಿಂದ ಎಚ್‌ಐವಿ ಮತ್ತು ಕ್ಯಾನ್ಸರ್ ತಜ್ಞರಿಬ್ಬರೂ ಒಟ್ಟಿಗೆ ಕೂತು ಔಷಧ ನಿರ್ಧರಿಸಬೇಕು.

ಕಡಿಮೆ ವಿಕಿರಣದ ಸಿಟಿ ತಪಾಸಣೆಯಿಂದ ವಿಪರೀತ ಧೂಮಪಾನಿಗಳಲ್ಲಿ ಈ ಕ್ಯಾನ್ಸರಿನ ಸಾವು ಶೇ. 20ರಷ್ಟು ತಗ್ಗಿತೆಂದು 2011ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಹಳೆಯ ಕ್ಷಯದ ಕಲೆಗಳೇ ಗಂಟುಗಳಾಗಿ ಕಾಣುವ ಮುಂಬಯಿಯಲ್ಲಿ ಅದನ್ನು ಕಣ್ಣುಮುಚ್ಚಿ ಅನುಕರಿಸಲಾಗದು. ಆದರೆ ಅನುಮಾನ ಬಂದವರಿಗೆ ಸಿಟಿ, ಬಯಾಪ್ಸಿ ಬೇಗ ಆಗಬೇಕು. ಎಚ್‌ಐವಿ ಸೋಂಕಿನ ನೆಪದಲ್ಲಿ ಚಿಕಿತ್ಸೆ ನಿರಾಕರಿಸುವುದನ್ನು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಕಾನೂನು ನಿಷೇಧಿಸುತ್ತದೆ.

ಎಆರ್‌ಟಿ ಕೇಂದ್ರಗಳಲ್ಲಿ ಪ್ರತಿ ಭೇಟಿಗೂ ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಎಂದು ಕ್ಷಯದ ಪತ್ತೆಗೆ ನಾಲ್ಕು ಪ್ರಶ್ನೆ ಕೇಳುವ ಪದ್ಧತಿಯಿದೆ. ಬೀಡಿ-ಸಿಗರೇಟಿನ ಪ್ರಶ್ನೆಯನ್ನೂ ಅದರೊಂದಿಗೆ ಕೇಳಲಿ, ಬಿಡಲು ಬಯಸುವವರಿಗೆ ಅಲ್ಲೇ ನೆರವು ಸಿಗಲಿ.