ಓಪಿಯಾಯ್ಡ್ ವ್ಯಸನದ ಜೈವಿಕ ಸೂಚಕಗಳು

ಮಾರ್ಫಿನ್, ಆಕ್ಸಿಕೊಡೋನ್‌ನಂಥ ಓಪಿಯಾಯ್ಡ್ ನೋವುನಿವಾರಕಗಳಿಗೆ ಯಾವ ರೋಗಿ ದಾಸನಾಗಬಹುದು ಎಂಬುದನ್ನು ದೇಹದ ಗುರುತುಗಳಿಂದ, ಮುಖ್ಯವಾಗಿ ವಂಶವಾಹಿಗಳಿಂದ, ಮೊದಲೇ ತಿಳಿಯುವ ಪ್ರಯತ್ನ. ಇದು ಹೆಚ್ಚಾಗಿ ನಡೆದದ್ದು ಅಮೆರಿಕದಲ್ಲಿ.

ಮೆದುಳಿನಲ್ಲಿ ಓಪಿಯಾಯ್ಡ್ ಗ್ರಾಹಕಗಳಿರುವುದು 1973ರಲ್ಲಿ ಖಚಿತವಾಯಿತು. ಅವುಗಳಲ್ಲಿ ಒಂದಾದ ಮ್ಯೂ ಗ್ರಾಹಕವನ್ನು ರೂಪಿಸುವ ಓಪಿಆರ್‌ಎಂ1 ವಂಶವಾಹಿಯಲ್ಲಿ ಎ118ಜಿ ಎಂಬ ಒಂದಕ್ಷರದ ವ್ಯತ್ಯಾಸವಿದ್ದರೆ ದೇಹವೇ ತಯಾರಿಸುವ ಓಪಿಯಾಯ್ಡ್ ಆದ ಬೀಟಾ-ಎಂಡಾರ್ಫಿನ್ ಆ ಗ್ರಾಹಕಕ್ಕೆ ಹೆಚ್ಚು ಬಿಗಿಯಾಗಿ ಅಂಟುತ್ತದೆಂದು 1998ರ ಒಂದು ಪ್ರಬಂಧ ಹೇಳಿತು. ವ್ಯಸನದ ಮೂಲ ಸಿಕ್ಕಿತೆಂಬ ಆಸೆ ಹುಟ್ಟಿದರೂ ಮುಂದಿನ ಅಧ್ಯಯನಗಳು ಒಂದಕ್ಕೊಂದು ಹೊಂದಲಿಲ್ಲ.

ಇತ್ತ ವೈದ್ಯರ ಬಳಕೆಯ ಕಥೆಯೇ ಬೇರೆ. ಆಸ್ಪತ್ರೆಯಲ್ಲಿ ಓಪಿಯಾಯ್ಡ್ ಔಷಧ ಪಡೆದ 11,882 ರೋಗಿಗಳಲ್ಲಿ ವ್ಯಸನ ದಾಖಲಾದದ್ದು ನಾಲ್ವರಲ್ಲಿ ಮಾತ್ರ ಎಂದಿದ್ದ, ವೈದ್ಯಕೀಯ ಪತ್ರಿಕೆಯೊಂದರಲ್ಲಿನ 1980ರ ಪುಟ್ಟ ಪತ್ರವೊಂದನ್ನು ಮುಂದಿನ ದಶಕಗಳಲ್ಲಿ ಅಭಯಪತ್ರದಂತೆ ಉಲ್ಲೇಖಿಸಲಾಯಿತು. 1996ರಲ್ಲಿ ಆಕ್ಸಿಕೊಡೋನ್‌ನ ಮಾತ್ರೆಯಾದ ಆಕ್ಸಿಕಾಂಟಿನ್ ಮಾರುಕಟ್ಟೆಗೆ ಬಂತು. ಓಪಿಯಾಯ್ಡ್‌ಗಳ ಅತಿಸೇವನೆಯಿಂದಾಗುವ ಸಾವುಗಳು ಏರತೊಡಗಿದ ಮೇಲೆ ಮುನ್ಸೂಚನೆಯ ತುರ್ತೂ ಏರಿತು. ಕುಟುಂಬದ ಚರಿತ್ರೆ, ವಯಸ್ಸು, ಮನೋರೋಗ ಮುಂತಾದವನ್ನು ಕೇಳುವ 'ಓಪಿಯಾಯ್ಡ್ ರಿಸ್ಕ್ ಟೂಲ್' 2005ರಲ್ಲಿ ಪ್ರಕಟವಾಯಿತು. ಅದಕ್ಕೆ ಪ್ರಯೋಗಾಲಯ ಬೇಕಿರಲಿಲ್ಲ.

ಕೆನ್ನೆಯ ಒಳಭಾಗದಿಂದ ತೆಗೆದ ಮಾದರಿಯಲ್ಲಿ 15 ವಂಶವಾಹಿ ವ್ಯತ್ಯಾಸಗಳನ್ನು ನೋಡುವ 'ಅವರ್ಟ್‌ಡಿ' ಪರೀಕ್ಷೆಯ ಕಥೆಯೇ ಇಲ್ಲಿ ಹೆಚ್ಚು ಕಲಿಸುವಂಥದ್ದು. ಇಂಥ ಸೂಚಕಗಳು ವ್ಯಸನಕ್ಕಿಂತ ಮನುಷ್ಯನ ಪೂರ್ವಜರ ಮೂಲವನ್ನೇ ಗುರುತಿಸುತ್ತಿರಬಹುದೆಂದು 2021ರಲ್ಲಿ ಸಂಶೋಧಕರು ಎಚ್ಚರಿಸಿದ್ದರು. ಆತಂಕಕ್ಕೆ ಕಾರಣವಿತ್ತು: ಉದಾಹರಣೆಗೆ, ಎ118ಜಿ ಏಷ್ಯಾದವರಲ್ಲಿ ಸಾಮಾನ್ಯ, ಆಫ್ರಿಕಾ ಮೂಲದವರಲ್ಲಿ ವಿರಳ. 2022ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹಾ ಸಮಿತಿಯಲ್ಲಿ 11 ಮಂದಿ ಪರೀಕ್ಷೆಗೆ ವಿರುದ್ಧವಾಗಿಯೂ ಇಬ್ಬರು ಪರವಾಗಿಯೂ ಮತ ಹಾಕಿದರು. ಆದರೂ 2023ರ ಡಿಸೆಂಬರಿನಲ್ಲಿ ಒಪ್ಪಿಗೆ ದೊರೆಯಿತು. ಶಸ್ತ್ರಚಿಕಿತ್ಸೆಯ ನಂತರದಂಥ ತೀವ್ರ ನೋವಿಗೆ ಮೊದಲ ಬಾರಿ ಓಪಿಯಾಯ್ಡ್ ಮಾತ್ರೆ ಪಡೆಯಲಿರುವ ವಯಸ್ಕರಿಗಷ್ಟೇ ಅದು ಸೀಮಿತ. ದೀರ್ಘಕಾಲದ ನೋವಿನವರಿಗೆ ಅನ್ವಯಿಸದು. ಆ ಒಪ್ಪಿಗೆಯನ್ನು ಹಿಂಪಡೆಯಬೇಕೆಂದು 2024ರಲ್ಲಿ ತಜ್ಞರು ಪತ್ರ ಬರೆದರು.

2025ರಲ್ಲಿ 4.5 ಲಕ್ಷಕ್ಕೂ ಹೆಚ್ಚು ಮಾಜಿ ಸೈನಿಕರ ಮಾಹಿತಿಯಲ್ಲಿ ಆ 15 ವ್ಯತ್ಯಾಸಗಳನ್ನು ಪರಿಶೀಲಿಸಿದಾಗ, ವ್ಯಸನದ ಅಪಾಯದಲ್ಲಿ ಅವು ವಿವರಿಸಬಲ್ಲ ಪಾಲು ಶೇ. 0.4ರಷ್ಟು ಮಾತ್ರವೆಂದು ಕಂಡುಬಂತು. ನೂರು ಊಹೆಗಳಲ್ಲಿ ಸುಮಾರು 47 ತಪ್ಪಾಗುತ್ತಿದ್ದವು. ಈ ತಪ್ಪಿನ ಭಾರ ಹೊರುವವನು ರೋಗಿ. 'ಅಪಾಯವಿಲ್ಲ' ಎಂಬ ಫಲಿತಾಂಶ ವೈದ್ಯರ ಎಚ್ಚರವನ್ನು ಸಡಿಲಿಸಬಹುದು. 'ಅಪಾಯವಿದೆ' ಎಂಬುದು ನಿಜವಾಗಿ ನರಳುತ್ತಿರುವವನಿಗೆ ಸಿಗಬೇಕಾದ ಔಷಧವನ್ನೇ ತಪ್ಪಿಸಬಹುದು.