ಬ್ಲ್ಯಾಂಡ್-ವೈಟ್-ಗಾರ್ಲೆಂಡ್ ಸಿಂಡ್ರೋಮ್
ಹೃದಯದ ಎಡ ಕರೊನರಿ ಅಪಧಮನಿಯು ಮಹಾಪಧಮನಿಯ ಬದಲು ಶ್ವಾಸಕೋಶದ ಅಪಧಮನಿಯಿಂದ ಹೊರಡುವ ಜನ್ಮಜಾತ ದೋಷ. ಸುಮಾರು 3 ಲಕ್ಷ ಶಿಶುಗಳಲ್ಲಿ ಒಂದಕ್ಕೆ ಬರುತ್ತದೆ. 1933ರಲ್ಲಿ ಇದನ್ನು ವಿವರಿಸಿದ ಮೂವರು ಅಮೆರಿಕನ್ ವೈದ್ಯರ ಹೆಸರೇ ಇದಕ್ಕಿದೆ. ಹುಟ್ಟಿದ ಕೆಲವು ವಾರಗಳಲ್ಲಿ ಶ್ವಾಸಕೋಶದ ರಕ್ತದೊತ್ತಡ ಇಳಿದಂತೆ ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಎಡ ಹೃತ್ಕುಕ್ಷಿ ಹಿಗ್ಗುತ್ತದೆ. ಹಾಲು ಕುಡಿಯುವಾಗ ಮಗು ಬೆವರುತ್ತದೆ, ಏದುಸಿರು ಬಿಡುತ್ತದೆ, ಚೀರಿ ಅಳುತ್ತದೆ. ಇದನ್ನು ಬರೀ ಹೊಟ್ಟೆನೋವೆಂದು ಬಿಟ್ಟುಬಿಡುವುದೇ ದೊಡ್ಡ ಅಪಾಯ. ಚಿಕಿತ್ಸೆ ಸಿಗದ ಬಹುಪಾಲು ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತವೆ. ಇಸಿಜಿಯಲ್ಲಿನ ಆಳವಾದ ಕ್ಯೂ ಅಲೆಗಳು ಸುಳಿವು ಕೊಡುತ್ತವೆ. ಕಲರ್ ಡಾಪ್ಲರ್ ಎಕೋ ಅಥವಾ ಸಿಟಿ ಆಂಜಿಯೋಗ್ರಾಂ ಖಚಿತಪಡಿಸುತ್ತದೆ. ರಕ್ತನಾಳವನ್ನು ಬಿಡಿಸಿ ಮಹಾಪಧಮನಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯೇ ಪರಿಹಾರ. ಕಾರಣ ತಿಳಿಯದೆ ಹೃದಯ ಹಿಗ್ಗಿದ ಪ್ರತಿ ಶಿಶುವಿನಲ್ಲೂ ಕರೊನರಿಗಳು ಎಲ್ಲಿಂದ ಹೊರಟಿವೆ ಎಂಬುದನ್ನು ನೋಡಲೇಬೇಕು.